ಬೆಳೆಯಲೋ, ಹೆರಲೋ, ಬದುಕಿರಲೋ

2007ರ ಮೇ ತಿಂಗಳು. ಕ್ಯಾಲಿಫೋರ್ನಿಯಾ ಕರಾವಳಿಯ ಮಾಂಟೆರೇ ಕಡಲ ಕಣಿವೆಯಲ್ಲಿ, ಸುಮಾರು 1,400 ಮೀಟರ್ ಆಳದಲ್ಲಿ, ಒಂದು ಹೆಣ್ಣು ಆಕ್ಟೋಪಸ್ ಬಂಡೆಗೆ ಅಂಟಿಕೊಂಡು ಕೂತಿದ್ದು ವಿಜ್ಞಾನಿಗಳ ಕ್ಯಾಮೆರಾಗೆ ಸಿಕ್ಕಿತು. ತೋಳುಗಳ ಅಡಿಯಲ್ಲಿ ಮೊಟ್ಟೆಗಳಿದ್ದವು. ಆಮೇಲೆ ಅವರು ತಮ್ಮ ಮುಳುಗು ಯಂತ್ರವನ್ನು ಅದೇ ಜಾಗಕ್ಕೆ ಮತ್ತೆ ಮತ್ತೆ ಇಳಿಸಿದರು. ಪ್ರತಿ ಸಲವೂ ಅದೇ ಬಂಡೆ, ಅದೇ ತಾಯಿ. ಮೈಮೇಲಿನ ಗಾಯದ ಗುರುತು ನೋಡಿದರೆ ಬೇರೆ ಆಕ್ಟೋಪಸ್ ಅನ್ನುವ ಅನುಮಾನಕ್ಕೆ ಜಾಗವೇ ಇರಲಿಲ್ಲ. ಏಡಿ, ಸಿಗಡಿಗಳು ಪಕ್ಕದಲ್ಲೇ ಓಡಾಡುತ್ತಿದ್ದವು. ಅದು ತಿನ್ನುವುದನ್ನು ಯಾರೂ ಒಮ್ಮೆಯೂ ನೋಡಲಿಲ್ಲ. ಚರ್ಮ ಬಿಳಿಚಿಕೊಂಡಿತು, ಮೈ ಇಳಿಯಿತು, ಕಣ್ಣು ಮಸುಕಾಯಿತು. 2011ರ ಸೆಪ್ಟೆಂಬರ್‌ನಲ್ಲೂ ಅದು ಅಲ್ಲೇ ಇತ್ತು. ಮುಂದಿನ ಸಲ ಹೋದಾಗ ಬಂಡೆಯ ಮೇಲೆ ಮೊಟ್ಟೆಯ ಖಾಲಿ ಚಿಪ್ಪುಗಳು ಮಾತ್ರ ಉಳಿದಿದ್ದವು. ಆ ತಾಯಿ 53 ತಿಂಗಳು ಕಾವು ಕೂತಿತ್ತು. ಇಷ್ಟು ದೀರ್ಘ ಕಾವು ಅಲ್ಲಿಯವರೆಗೆ ಬೇರೆ ಯಾವ ಪ್ರಾಣಿಯಲ್ಲೂ ದಾಖಲಾಗಿರಲಿಲ್ಲ.

ಇದನ್ನು ತಾಯಿಯ ತ್ಯಾಗ ಎಂದು ಹೇಳಿ ಮಾತು ಮುಗಿಸಬಹುದು. ನನಗೆ ಅಷ್ಟು ಸಾಲುವುದಿಲ್ಲ. ನಡುವೆ ಒಂದಿಷ್ಟು ತಿಂದು, ಮರಿಗಳು ಹೊರಬಂದ ಮೇಲೆ ಚೇತರಿಸಿಕೊಂಡು, ಇನ್ನೊಂದು ಸಲ ಮೊಟ್ಟೆ ಇಡಬಾರದಿತ್ತೇ? ಇನ್ನೂ ದೊಡ್ಡದಾಗಿ ಕೇಳುವುದಾದರೆ, ಬೇಗ ಬೆಳೆದು, ಬೇಕಾದಷ್ಟು ಮರಿ ಹಾಕಿ, ನೂರಾರು ವರ್ಷ ಗಟ್ಟಿಮುಟ್ಟಾಗಿ ಬದುಕುವ ಒಂದು ಜೀವಿಯೂ ಈ ಭೂಮಿಯ ಮೇಲೆ ಏಕಿಲ್ಲ? ವಿಕಾಸಕ್ಕೆ ಕೋಟ್ಯಂತರ ವರ್ಷ ಸಿಕ್ಕಿದೆ. ಇಷ್ಟು ಹೊತ್ತಿಗೆ ಎಲ್ಲೋ ಒಂದು ಕಡೆ ಅಂಥದ್ದೊಂದು ಹುಟ್ಟಬೇಕಿತ್ತು, ಅಲ್ವಾ?

ಹುಟ್ಟಲಿಲ್ಲ. ಕಾರಣ ಕೇಳಲು ತುಂಬಾ ಸರಳ. ತಿಂದ ಆಹಾರದಿಂದ ಬರುವ ಶಕ್ತಿಗೆ ಮಿತಿ ಇದೆ. ಮೈ ಬೆಳೆಯಬೇಕಾದರೂ ಅದೇ ಶಕ್ತಿ ಬೇಕು, ಮೊಟ್ಟೆಯೋ ಬೀಜವೋ ಆಗಬೇಕಾದರೂ ಅದೇ ಬೇಕು, ಸವೆದ ಮೈಯನ್ನು ರಿಪೇರಿ ಮಾಡಿ ರೋಗದ ಜೊತೆ ಹೋರಾಡಲಿಕ್ಕೂ ಅದೇ ಬೇಕು. ಒಂದು ಕಡೆ ಖರ್ಚಾಗಿದ್ದು ಇನ್ನೊಂದು ಕಡೆಗೆ ಸಿಗುವುದಿಲ್ಲ. ಹಾಗಾದರೆ ಯಾವುದಕ್ಕೆ, ಯಾವಾಗ, ಎಷ್ಟು? ಪ್ರತಿ ಜೀವಿಯ ಬದುಕೂ ಈ ಪ್ರಶ್ನೆಗೆ ಸಿಕ್ಕ ಒಂದೊಂದು ಉತ್ತರ.

ಆಕ್ಟೋಪಸ್ ವಿಷಯಕ್ಕೇ ಬರೋಣ. ಅದು ಸಾಯುವುದು ಸುಸ್ತಾಗಿಯೇ? 1977ರಲ್ಲಿ ಜೆರೋಮ್ ವೊಡಿನ್ಸ್ಕಿ ಎಂಬ ಸಂಶೋಧಕರು ಇನ್ನೊಂದು ಜಾತಿಯ ಆಕ್ಟೋಪಸ್ ತೆಗೆದುಕೊಂಡು ಇದನ್ನು ಪರೀಕ್ಷಿಸಿದರು. ಕಾವು ಕೂತಿದ್ದ ಹೆಣ್ಣುಗಳ ಕಣ್ಣಿನ ಹಿಂಬದಿಯಲ್ಲಿರುವ ಎರಡು ಪುಟ್ಟ ಗ್ರಂಥಿಗಳನ್ನು ತೆಗೆದುಹಾಕಿದರು. ಆ ಹೆಣ್ಣುಗಳು ಮೊಟ್ಟೆ ಬಿಟ್ಟು ಎದ್ದವು. ತಿನ್ನತೊಡಗಿದವು. ಮೈ ತುಂಬಿಕೊಂಡವು, ಜಾಸ್ತಿ ದಿನ ಬದುಕಿದವು. ಅಂದರೆ ಬದುಕುವ ತಾಕತ್ತು ಮೈಯಲ್ಲಿ ಇನ್ನೂ ಇತ್ತು. ಅದನ್ನು ನಿಲ್ಲಿಸುತ್ತಿದ್ದದ್ದು ಮೈಯೇ.

ಕೊಕಾನಿ ಸಾಲ್ಮನ್ ಮೀನಿನಲ್ಲೂ ಹೀಗೇ ಕಂಡುಬಂತು. ಸಾಮಾನ್ಯವಾಗಿ ಅದು ನಾಲ್ಕು ವರ್ಷದ ಹೊತ್ತಿಗೆ ಒಂದೇ ಸಲ ಸಂತಾನ ಮಾಡಿ ಸಾಯುತ್ತದೆ. ಸಂತಾನದ ಅಂಗಗಳು ಬಲಿಯುವ ಮೊದಲೇ ಅವನ್ನು ತೆಗೆದ ಮೀನುಗಳಲ್ಲಿ ಕೆಲವು ಎಂಟು ವರ್ಷದವರೆಗೆ ಬದುಕಿದವು. 1961ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಆಸ್ಟ್ರೇಲಿಯಾದಲ್ಲಿ ಆಂಟೆಕೈನಸ್ ಎಂಬ ಇಲಿಯಷ್ಟು ಗಾತ್ರದ ಒಂದು ಹೊಟ್ಟೆಚೀಲದ ಪ್ರಾಣಿ ಇದೆ. ಕೂಡುವ ಕಾಲ ಮುಗಿಯುವಷ್ಟರಲ್ಲಿ ಅದರ ಗಂಡುಗಳೆಲ್ಲ ಸಾಯುತ್ತವೆ. ಒತ್ತಡದ ಹಾರ್ಮೋನು ವಿಪರೀತ ಏರಿ, ರೋಗ ತಡೆಯುವ ಶಕ್ತಿ ಕುಸಿದು, ಒಂದು ವರ್ಷದ ಪ್ರಾಯದಲ್ಲೇ ಆಯುಷ್ಯ ಮುಗಿಯುತ್ತದೆ. ಹೆಣ್ಣುಗಳು ಉಳಿದು ಮರಿ ಸಾಕುತ್ತವೆ.

ಹೀಗೆ ಇದ್ದದ್ದೆಲ್ಲವನ್ನೂ ಒಂದೇ ಸಲ ಸುರಿದುಬಿಡುವುದು ನಮಗೆ ವಿಚಿತ್ರ ಅನ್ನಿಸುತ್ತದೆ. ಆದರೆ 1954ರಲ್ಲಿ ಲಾಮಂಟ್ ಕೋಲ್ ಎಂಬ ಅಮೆರಿಕದ ಪರಿಸರ ವಿಜ್ಞಾನಿ ಲೆಕ್ಕ ಹಾಕಿ ನೋಡಿದಾಗ ವಿಚಿತ್ರವಾಗಿ ಕಂಡದ್ದು ಇದರ ಉಲ್ಟಾ. ಒಂದು ಗಿಡ ವರ್ಷಕ್ಕೆ 100 ಸಸಿ ಕೊಟ್ಟು ತಾನೂ ಉಳಿಯುತ್ತದೆ ಅಂದುಕೊಳ್ಳಿ. ವರ್ಷದ ಕೊನೆಗೆ 101 ಗಿಡ. ಇನ್ನೊಂದು ಗಿಡ 101 ಸಸಿ ಕೊಟ್ಟು ಸಾಯುತ್ತದೆ. ವರ್ಷದ ಕೊನೆಗೆ ಅದರದ್ದೂ 101. ವರ್ಷ ವರ್ಷ ಬದುಕಿ ಉಳಿಯುವ ಇಡೀ ಕಷ್ಟ ಒಂದೇ ಒಂದು ಹೆಚ್ಚುವರಿ ಸಸಿಗೆ ಸಮ! ಹಾಗಿದ್ದರೆ ಆಲದ ಮರ, ಆನೆ, ಆಮೆಗಳೆಲ್ಲ ಯಾಕೆ ಇಷ್ಟು ಕಾಲ ಬದುಕುತ್ತವೆ? ಎಲ್ಲವೂ ಒಂದೇ ವರ್ಷದಲ್ಲಿ ಬೀಜ ಸುರಿದು ಒಣಗಿಬಿಡಬೇಕಿತ್ತಲ್ಲ?

ಈ ಒಗಟು ಬಿಡಿಸಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. 1973ರಲ್ಲಿ ಎರಿಕ್ ಚಾರ್ನೋವ್ ಮತ್ತು ವಿಲಿಯಂ ಶಾಫರ್ ಕೊಟ್ಟ ಉತ್ತರ ಎಷ್ಟು ನೇರವಾಗಿದೆ ಅಂದರೆ, ಒಮ್ಮೆ ಕೇಳಿದ ಮೇಲೆ ಮರೆಯಲಿಕ್ಕಾಗುವುದಿಲ್ಲ. ಒಂದು ದೊಡ್ಡ ಗಿಡವೂ ಒಂದು ಸಸಿಯೂ ಸಮ ಅಲ್ಲ. ಸಾವಿರ ಸಸಿಗಳಲ್ಲಿ ಒಂದು ಮಾತ್ರ ಬದುಕಿ ದೊಡ್ಡದಾಗುವ ಜಾಗದಲ್ಲಿ, ಈಗಾಗಲೇ ದೊಡ್ಡದಾಗಿರುವ ಗಿಡ ಸಾವಿರ ಸಸಿಗೆ ಸಮ. ಅಲ್ಲಿ ತಾನು ಉಳಿಯುವುದೇ ಲಾಭ. ಸಸಿಗಳು ಸುಲಭವಾಗಿ ಬದುಕಿ, ದೊಡ್ಡ ಗಿಡಗಳೇ ಸಾಯುವ ಜಾಗದಲ್ಲಿ ಲೆಕ್ಕ ತಿರುಗುತ್ತದೆ. ಅಲ್ಲಿ ಇದ್ದದ್ದೆಲ್ಲ ಬೀಜಕ್ಕೇ ಹೋಗಬೇಕು. ಯಾರು ಯಾವ ವಯಸ್ಸಿನಲ್ಲಿ ಸಾಯುತ್ತಾರೆ ಅನ್ನುವುದನ್ನು ನೋಡಿದರೆ ಯಾರು ಹೇಗೆ ಬದುಕುತ್ತಾರೆ ಅನ್ನುವುದರ ಬಹುಪಾಲು ತಿಳಿಯುತ್ತದೆ. ಈ ವಿಷಯದಲ್ಲಿ ನಾನು ಓದಿದ್ದರಲ್ಲೆಲ್ಲ ನನಗೆ ಅತ್ಯಂತ ದೊಡ್ಡದು ಅನ್ನಿಸಿದ್ದು ಇದೇ ಮಾತು.

ಇದನ್ನು ಕಣ್ಣಾರೆ ನೋಡಬೇಕೆಂದರೆ ಮೌಂಟ್ ಕೀನ್ಯಾ ಹತ್ತಬೇಕು. ಆ ಬೆಟ್ಟದ ಎತ್ತರದಲ್ಲಿ ಲೊಬೀಲಿಯಾ ಕುಲದ ಎರಡು ದೈತ್ಯ ಗಿಡಗಳಿವೆ. ಲೊಬೀಲಿಯಾ ಟೆಲಿಕಿ ಒಣ ಕಲ್ಲಿನ ಇಳಿಜಾರಿನಲ್ಲಿ ಬೆಳೆಯುತ್ತದೆ. ದಶಕಗಳ ಕಾಲ ನೆಲಕ್ಕೆ ಅಂಟಿದ ಎಲೆಗಳ ಒಂದು ಗುಚ್ಛವಾಗಿ ಇರುತ್ತದೆ. ಕೊನೆಗೆ ಒಂದು ಸಲ ಆಳೆತ್ತರ ಮೀರುವ ಹೂಗೊಂಚಲು ಬಿಟ್ಟು ಒಣಗಿಹೋಗುತ್ತದೆ. ಲೊಬೀಲಿಯಾ ಕೀನಿಯೆನ್ಸಿಸ್ ತೇವ ಇರುವ ಕಣಿವೆಯ ತಳದಲ್ಲಿ ಬೆಳೆಯುತ್ತದೆ. ಅದರದ್ದು ಒಂದೇ ಬುಡದಿಂದ ಹಲವು ಗುಚ್ಛ. ಹೂ ಬಿಟ್ಟ ಗುಚ್ಛ ಸತ್ತರೂ ಉಳಿದವು ಮುಂದುವರಿಯುತ್ತವೆ, ಕೆಲವು ವರ್ಷ ಬಿಟ್ಟು ಇನ್ನೊಂದು ಹೂ ಬಿಡುತ್ತದೆ. ಒಂದೇ ಬೆಟ್ಟ, ಹತ್ತಿರದ ನೆಂಟಸ್ತಿಕೆ, ಆದರೂ ಬದುಕುವ ರೀತಿ ಪೂರ್ತಿ ಬೇರೆ.

ಟ್ರೂಮನ್ ಯಂಗ್ ಎಂಬ ಸಂಶೋಧಕರು ವರ್ಷಗಟ್ಟಲೆ ಈ ಗಿಡಗಳ ಹಿಂದೆ ಬಿದ್ದು ಕಾರಣ ಹುಡುಕಿದರು. ಒಣ ಇಳಿಜಾರಿನಲ್ಲಿ ಒಮ್ಮೆ ಹೂ ಬಿಟ್ಟ ಮೇಲೆ ಮತ್ತೆ ಶಕ್ತಿ ಕೂಡಿಸಿಕೊಳ್ಳಲು ತುಂಬಾ ಕಾಲ ಬೇಕು. ಅಷ್ಟರಲ್ಲಿ ಬರ ಬಂದು ಗಿಡ ಸಾಯುವ ಸಂಭವವೇ ಜಾಸ್ತಿ. ಎರಡನೇ ಹೂವಿಗೆಂದು ಉಳಿಸಿದ್ದು ಹೆಚ್ಚಿನ ಸಲ ಯಾರಿಗೂ ಸಿಗದೆ ಹೋಗುತ್ತದೆ. ಹಾಗಾಗಿ ಮೊದಲ ಹೂವಿಗೇ ಎಲ್ಲವನ್ನೂ ಹಾಕಿದ ಗಿಡದ ಬೀಜಗಳೇ ಮುಂದುವರಿದವು. ತೇವದ ಕಣಿವೆಯಲ್ಲಿ ಎರಡನೇ ಹೂವಿನವರೆಗೆ ಬದುಕಿರುವ ಭರವಸೆ ಇದೆ. ಅಲ್ಲಿ ಸ್ವಲ್ಪ ಉಳಿಸಿಕೊಳ್ಳುವುದು ದಂಡವಲ್ಲ. ಗಿಡ ಯೋಚಿಸಿ ನಿರ್ಧರಿಸಲಿಲ್ಲ ಅನ್ನುವುದು ನಿಜ. ಎಷ್ಟೋ ತಲೆಮಾರುಗಳಲ್ಲಿ ಯಾವ ಗಿಡದ ಬೀಜ ಉಳಿಯಿತು, ಯಾವುದರದ್ದು ಉಳಿಯಲಿಲ್ಲ ಅನ್ನುವುದೇ ಆ ನಿರ್ಧಾರ.

ಬಿದಿರಿನ ಲೆಕ್ಕವೇ ಬೇರೆ. ಫಿಲೋಸ್ಟಾಕಿಸ್ ಬಾಂಬುಸಾಯ್ಡಿಸ್ ಎಂಬ ಬಿದಿರು ಸುಮಾರು 120 ವರ್ಷಕ್ಕೊಮ್ಮೆ ಒಟ್ಟಿಗೆ ಹೂ ಬಿಡುತ್ತದೆ. ಇಲಿ, ಹಕ್ಕಿಗಳು ತಿಂದು ಮುಗಿಸಲಾರದಷ್ಟು ಬೀಜ ಒಂದೇ ಸಲ ಬಿದ್ದರೆ ಒಂದಿಷ್ಟಾದರೂ ಮೊಳೆಯುತ್ತವೆ ಅನ್ನುವುದು ಇದಕ್ಕೆ ಕೊಡುವ ಮುಖ್ಯ ವಿವರಣೆ.

ಇಲಿ ಮತ್ತು ಬಾವಲಿಯನ್ನು ಪಕ್ಕಪಕ್ಕ ಇಟ್ಟು ನೋಡುವುದು ನನಗೆ ಬಹಳ ಇಷ್ಟ. ಪುಟ್ಟ ಇಲಿ ಎಷ್ಟೇ ಜೋಪಾನವಾಗಿ ಸಾಕಿದರೂ ಎರಡು ಮೂರು ವರ್ಷ ಬದುಕಿದರೆ ಹೆಚ್ಚು. ಸೈಬೀರಿಯಾದಲ್ಲಿ ಸಿಕ್ಕ ಒಂದು ಬ್ರ್ಯಾಂಟ್ ಬಾವಲಿ, ಸುಮಾರು ಏಳು ಗ್ರಾಂ ತೂಕದ ಜೀವ, ಕನಿಷ್ಠ 41 ವರ್ಷ ಬದುಕಿತ್ತು. ಇಲಿಗಿಂತ ಹಗುರ! ಇಲಿಯನ್ನು ಬೆಕ್ಕು, ಹಾವು, ಗೂಬೆ ಎಲ್ಲವೂ ತಿನ್ನುತ್ತವೆ. ಮೂರನೇ ವರ್ಷ ನೋಡುವ ಅವಕಾಶವೇ ಅದಕ್ಕೆ ಕಡಿಮೆ. ಹಾಗಿರುವಾಗ ಮೂರನೇ ವರ್ಷಕ್ಕೆ ಬೇಕಾದ ರಿಪೇರಿಗೆ ಖರ್ಚು ಮಾಡಿ ಏನು ಬಂತು? ಬೇಗ ಬೇಗ, ಒಂದು ಸೂಲಿಗೆ ಹಲವು ಮರಿ ಹಾಕುವುದೇ ಸರಿ. ಬಾವಲಿ ರಾತ್ರಿ ಹಾರುತ್ತದೆ, ಹಗಲು ಗವಿಯಲ್ಲಿ ಅಡಗುತ್ತದೆ. ಅದನ್ನು ಹಿಡಿಯುವವರು ಕಡಿಮೆ. ಅದಕ್ಕೆ ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮರಿ ಸಾಕು, ಮೈಯನ್ನು ಚೆನ್ನಾಗಿ ಇಟ್ಟುಕೊಂಡರೆ ಮುಂದೆ ಇನ್ನೂ ಎಷ್ಟೋ ವರ್ಷ ಇದೆ.

ಮುಪ್ಪು ಏಕೆ ಬರುತ್ತದೆ ಅನ್ನುವ ಪ್ರಶ್ನೆಗೂ ಇಲ್ಲೇ ಉತ್ತರದ ಬೇರು ಇದೆ. 1950ರ ದಶಕದಲ್ಲಿ ಪೀಟರ್ ಮೆಡವಾರ್, ಆಮೇಲೆ ಜಾರ್ಜ್ ವಿಲಿಯಮ್ಸ್ ಇದನ್ನು ಬಿಡಿಸಿ ಹೇಳಿದರು. ಅಪಘಾತ, ರೋಗ, ಬೇಟೆಯಿಂದ ಹೆಚ್ಚಿನವರು ಮೊದಲೇ ಸತ್ತಿರುವುದರಿಂದ, ಮುಪ್ಪಿನಲ್ಲಿ ಮಾತ್ರ ತೊಂದರೆ ಕೊಡುವ ಜೀನುಗಳನ್ನು ವಿಕಾಸ ಗುಡಿಸಿ ಹಾಕುವುದಿಲ್ಲ. ವಿಲಿಯಮ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಎಳೆಯ ವಯಸ್ಸಿನಲ್ಲಿ ಹೆಚ್ಚು ಮರಿ ಹಾಕಲು ನೆರವಾಗುವ ಜೀನು ಮುಂದೆ ಮೈಯನ್ನು ಹಾಳು ಮಾಡಿದರೂ ಅದೇ ಗೆಲ್ಲಬಹುದು ಅಂದರು. 1977ರಲ್ಲಿ ಥಾಮಸ್ ಕರ್ಕ್‌ವುಡ್ ಇದಕ್ಕೆ ಖರ್ಚಿನ ಮಾತು ಸೇರಿಸಿದರು. ಮೈಯನ್ನು ಪೂರ್ತಿ ರಿಪೇರಿ ಮಾಡುವುದು ಸಾಧ್ಯವಿಲ್ಲದ್ದಲ್ಲ, ದುಬಾರಿ. ಆ ಶಕ್ತಿ ಮರಿಗಳಿಗೆ ಹೋಗುತ್ತದೆ.

ಇವೆಲ್ಲ ಕಾಗದದ ಮೇಲಿನ ಮಾತು ಅನ್ನಿಸಿದರೆ, ಬೆಕ್ಕಿನಷ್ಟು ಗಾತ್ರದ ಹೊಟ್ಟೆಚೀಲದ ಪ್ರಾಣಿಗಳಾದ ಒಪೋಸಮ್‌ಗಳ ಕಥೆ ಕೇಳಿ. ಅಮೆರಿಕದ ಜಾರ್ಜಿಯಾ ತೀರದ ಸಪೆಲೋ ದ್ವೀಪದಲ್ಲಿ ಅವುಗಳನ್ನು ತಿನ್ನುವ ದೊಡ್ಡ ಪ್ರಾಣಿಗಳಿಲ್ಲ. ಸ್ಟೀವನ್ ಆಸ್ಟಾಡ್ ಆ ದ್ವೀಪದ ಒಪೋಸಮ್‌ಗಳನ್ನು ಒಳನಾಡಿನವುಗಳ ಜೊತೆ ಹೋಲಿಸಿದರು. 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ದ್ವೀಪದವು ಒಂದು ಸೂಲಿಗೆ ಕಡಿಮೆ ಮರಿ ಹಾಕುತ್ತಿದ್ದವು, ಹೆಚ್ಚು ಕಾಲ ಬದುಕುತ್ತಿದ್ದವು. ಬಾಲದ ನಾರುಗಳು ಗಟ್ಟಿಯಾಗುವ ವೇಗ ನೋಡಿದರೆ ಮೈಗೆ ವಯಸ್ಸಾಗುವುದೇ ನಿಧಾನವಾಗಿತ್ತು. ಸಾವಿರಾರು ವರ್ಷ ತಿನ್ನುವವರಿಲ್ಲದೆ ಕಳೆದದ್ದಕ್ಕೆ ಮುಪ್ಪೇ ದೂರ ಸರಿದಿತ್ತು.

ಇಂಥ ಬದಲಾವಣೆಗೆ ಸಾವಿರಾರು ವರ್ಷವೇ ಬೇಕೆಂದಿಲ್ಲ. ಟ್ರಿನಿಡಾಡ್ ದ್ವೀಪದ ಹೊಳೆಗಳಲ್ಲಿ ಗಪ್ಪಿ ಮೀನುಗಳಿವೆ, ಅಕ್ವೇರಿಯಂಗಳಲ್ಲಿ ಎಲ್ಲರೂ ನೋಡಿರುವ ಪುಟ್ಟ ಮೀನು. ಹೊಳೆಯ ಕೆಳಭಾಗದಲ್ಲಿ ದೊಡ್ಡ ಗಪ್ಪಿಗಳನ್ನೂ ನುಂಗುವ ಮೀನುಗಳಿವೆ. ಜಲಪಾತದ ಮೇಲ್ಭಾಗಕ್ಕೆ ಅವು ಹತ್ತಲಾರವು. ಜಾನ್ ಎಂಡ್ಲರ್ ಕೆಳಗಿನ ಗಪ್ಪಿಗಳನ್ನು ಹಿಡಿದು, ಗಪ್ಪಿಗಳೇ ಇರದಿದ್ದ ಮೇಲಿನ ನೀರಿಗೆ ಬಿಟ್ಟಿದ್ದರು. ಡೇವಿಡ್ ರೆಜ್ನಿಕ್ ಮತ್ತು ಜೊತೆಗಾರರು 11 ವರ್ಷಗಳ ನಂತರದ ಫಲಿತಾಂಶವನ್ನು 1990ರಲ್ಲಿ ಪ್ರಕಟಿಸಿದರು. ಅದು ಗಪ್ಪಿಗಳ 30ರಿಂದ 60 ತಲೆಮಾರು. ಅಷ್ಟರಲ್ಲಿ ಅವು ತಡವಾಗಿ ಪ್ರಾಯಕ್ಕೆ ಬರುತ್ತಿದ್ದವು, ದೊಡ್ಡದಾಗಿ ಬೆಳೆಯುತ್ತಿದ್ದವು, ಕಡಿಮೆ ಆದರೆ ದೊಡ್ಡ ಮರಿಗಳನ್ನು ಹಾಕುತ್ತಿದ್ದವು. ಅವುಗಳ ಸಂತತಿಯನ್ನು ಪ್ರಯೋಗಾಲಯದಲ್ಲಿ ಸಾಕಿದಾಗಲೂ ಈ ವ್ಯತ್ಯಾಸ ಹೋಗಲಿಲ್ಲ. ಸಾವು ಬರುವ ವಯಸ್ಸು ಬದಲಾಯಿತು, ಬದುಕುವ ರೀತಿ ಬದಲಾಯಿತು.

ಇಲ್ಲಿ ಒಂದು ಅನುಮಾನ ಬರಬೇಕು. ಬಂದರೆ ಒಳ್ಳೆಯದೇ. ಒಂದಕ್ಕೆ ಕೊಟ್ಟರೆ ಇನ್ನೊಂದಕ್ಕೆ ಇಲ್ಲ ಅನ್ನುವುದು ನಿಜವಾದರೆ, ಕಾಡಿನಲ್ಲಿ ಹೆಚ್ಚು ಮರಿ ಹಾಕುವ ಪ್ರಾಣಿಯೇ ಹೆಚ್ಚು ಕಾಲ ಬದುಕುವುದೂ ಕಾಣುತ್ತದಲ್ಲ? ಹೌದು, ಎಷ್ಟೋ ಸಲ ಹಾಗೇ ಕಾಣುತ್ತದೆ. 1986ರಲ್ಲಿ ವಾನ್ ನೂರ್ಡ್‌ವೈಕ್ ಮತ್ತು ಡಿ ಯೊಂಗ್ ಇದಕ್ಕೆ ಒಳ್ಳೆಯ ಹೋಲಿಕೆ ಕೊಟ್ಟರು. ಮನೆಗೆ ಜಾಸ್ತಿ ಖರ್ಚು ಮಾಡಿದರೆ ಕಾರಿಗೆ ದುಡ್ಡು ಕಡಿಮೆಯಾಗಬೇಕು. ಆದರೆ ಊರಲ್ಲಿ ನೋಡಿದರೆ ದೊಡ್ಡ ಮನೆ ಇರುವವರ ಹತ್ತಿರವೇ ದೊಡ್ಡ ಕಾರೂ ಇರುತ್ತದೆ. ಅವರ ಆದಾಯವೇ ಜಾಸ್ತಿ. ಪ್ರಾಣಿಗಳಲ್ಲೂ ಹಾಗೆ. ಒಳ್ಳೆಯ ಮೇವಿನ ಜಾಗ ಹಿಡಿದದ್ದು ಎರಡರಲ್ಲೂ ಮುಂದಿರುತ್ತದೆ. ನಿಜವಾದ ಬೆಲೆ ಗೊತ್ತಾಗಬೇಕಾದರೆ ಕೈ ಹಾಕಿ ಪ್ರಯೋಗ ಮಾಡಲೇಬೇಕು.

ಅಂಥ ಪ್ರಯೋಗಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದಿರುವುದು ನೆದರ್‌ಲ್ಯಾಂಡ್ಸ್‌ನ ಕೆಸ್ಟ್ರೆಲ್ ಹಕ್ಕಿಗಳದ್ದು. ಕೆಲವು ಗೂಡುಗಳಿಗೆ ಸಂಶೋಧಕರು ಬೇರೆ ಗೂಡಿನ ಮರಿಗಳನ್ನು ತಂದು ಸೇರಿಸಿದರು. ತಂದೆತಾಯಿ ಹಕ್ಕಿಗಳು ಹಿಂದೆಮುಂದೆ ನೋಡದೆ ಹೆಚ್ಚು ಹಾರಿ, ಹೆಚ್ಚು ಬೇಟೆಯಾಡಿ ಮರಿಗಳನ್ನು ಸಾಕಿದವು. ಆದರೆ ಮುಂದಿನ ಚಳಿಗಾಲದಲ್ಲಿ ಅಂಥ ತಂದೆತಾಯಿಗಳೇ ಹೆಚ್ಚು ಸತ್ತವು. ಮರಿ ಸಾಕಿದ ದಿನಗಳಲ್ಲಿ ಬೆಲೆ ಕಾಣಲಿಲ್ಲ, ತಿಂಗಳುಗಳ ನಂತರ ಹಿಮದಲ್ಲಿ ಕಾಣಿಸಿತು. ಹಕ್ಕಿ ಒಂದು ಗೂಡಿಗೆ ಇಷ್ಟೇ ಮೊಟ್ಟೆ ಏಕೆ ಇಡುತ್ತದೆ ಎಂದು 1947ರಲ್ಲಿ ಡೇವಿಡ್ ಲ್ಯಾಕ್ ಕೇಳಿದ್ದರು. ಸಾಕಲು ಆಗುವಷ್ಟೇ ಅನ್ನುವುದು ಅವರ ಉತ್ತರ. ಆಮೇಲೆ ಅಳೆದು ನೋಡಿದಾಗ ಹಲವು ಹಕ್ಕಿಗಳು ಸಾಕಲು ಆಗುವುದಕ್ಕಿಂತಲೂ ಸ್ವಲ್ಪ ಕಡಿಮೆಯೇ ಇಡುತ್ತವೆ ಎಂದು ಗೊತ್ತಾಯಿತು. ಮುಂದಿನ ಚಳಿಗಾಲವೂ ಆ ಲೆಕ್ಕದಲ್ಲಿದೆ.

ಮನುಷ್ಯರ ಮಾತಿಗೆ ಬಂದರೆ, ನಮ್ಮಲ್ಲಿ ಬೆಳವಣಿಗೆಯೊಳಗೇ ಒಂದು ಜಗ್ಗಾಟ ಇದೆ. ಮಗುವಿಗೆ ಸುಮಾರು ಐದು ವರ್ಷವಾದಾಗ ದೇಹ ಬಳಸುವ ಒಟ್ಟು ಶಕ್ತಿಯಲ್ಲಿ ಶೇಕಡಾ 40ಕ್ಕೂ ಜಾಸ್ತಿ ಮಿದುಳಿಗೇ ಹೋಗುತ್ತದೆ. ಆ ಹೊತ್ತಿಗೆ ಮೈ ಬೆಳೆಯುವ ವೇಗ ತುಂಬಾ ಕಡಿಮೆ ಆಗಿರುತ್ತದೆ. ಮಿದುಳಿನ ಬೇಡಿಕೆ ಇಳಿದ ಮೇಲೆ, ಹರೆಯದಲ್ಲಿ, ಎತ್ತರ ಸರ‍್ರನೆ ಏರುತ್ತದೆ. ಇನ್ನೊಂದು ತುದಿಯಲ್ಲಿ ಮುಟ್ಟು ನಿಂತ ಮೇಲೂ ಹೆಂಗಸರು ದಶಕಗಳ ಕಾಲ ಬದುಕುತ್ತಾರೆ. ಓರ್ಕಾ ತಿಮಿಂಗಿಲಗಳಲ್ಲೂ ಹೀಗಿದೆ. ಸಾಲ್ಮನ್ ಕಡಿಮೆಯಾದ ವರ್ಷಗಳಲ್ಲಿ ಮುದಿ ಹೆಣ್ಣು ಓರ್ಕಾಗಳೇ ಗುಂಪಿನ ಮುಂದೆ ಹೋಗಿ ದಾರಿ ತೋರಿಸುವುದನ್ನು ಗುರುತಿಸಿದ್ದಾರೆ. ಅಜ್ಜಿ ಇದ್ದರೆ ಮೊಮ್ಮಕ್ಕಳು ಉಳಿಯುತ್ತವೆ. ಹೆರುವುದು ನಿಂತ ಮೇಲೂ ಬದುಕಿರುವುದಕ್ಕೆ ಬೆಲೆ ಬರುವುದು ಹೀಗೆ.

ಇಷ್ಟೆಲ್ಲ ಓದುವಾಗ ನನ್ನ ಮನಸ್ಸು ಕೊನೆಗೆ ನಿಲ್ಲುವುದು ನಿಧಾನದ ಜೀವಿಗಳ ಹತ್ತಿರ. ಗ್ರೀನ್‌ಲ್ಯಾಂಡ್ ಶಾರ್ಕ್ ಕಣ್ಣಿನ ಮಸೂರವನ್ನು ಪರೀಕ್ಷಿಸಿ 2016ರಲ್ಲಿ ಲೆಕ್ಕ ಹಾಕಿದಾಗ ಅದರ ಆಯುಷ್ಯ ಕನಿಷ್ಠ 272 ವರ್ಷ ಎಂದು ಬಂತು. ಹೆಣ್ಣು ಪ್ರಾಯಕ್ಕೆ ಬರಲು ಸುಮಾರು 150 ವರ್ಷ ಬೇಕು. ವಿಸ್ಡಮ್ ಎಂಬ ಲೇಸಾನ್ ಆಲ್ಬಟ್ರಾಸ್ ಹಕ್ಕಿಗೆ 1956ರಲ್ಲಿ ಮಿಡ್‌ವೇ ದ್ವೀಪದಲ್ಲಿ ಕಾಲುಂಗುರ ಹಾಕಿದ್ದರು. ಅದು 2024ರಲ್ಲೂ ಮೊಟ್ಟೆ ಇಟ್ಟಿತು, ಯಾವಾಗಿನಂತೆ ಒಂದೇ ಒಂದು. ದೊಡ್ಡವರಾದ ಮೇಲೆ ಸಾಯುವುದು ಅಪರೂಪ ಅನ್ನುವ ಒಂದು ನಂಬಿಕೆಯ ಮೇಲೆ ಇಂಥ ಬದುಕು ನಿಂತಿದೆ. ನಾವು ಬಲೆಯೋ ಗಾಳವೋ ಹಿಡಿದು ಬಂದಾಗ ಮುರಿಯುವುದು ಆ ನಂಬಿಕೆಯೇ. ಇಲಿಗಳನ್ನು ಕೊಂದರೆ ಮುಂದಿನ ವರ್ಷ ಮತ್ತೆ ಅಷ್ಟೇ ಇಲಿ. 150 ವರ್ಷ ಕಾದು ಪ್ರಾಯಕ್ಕೆ ಬಂದ ಶಾರ್ಕ್ ಬಲೆಗೆ ಬಿದ್ದರೆ ಆ ಜಾಗ ತುಂಬಲು ಇನ್ನೊಂದು 150 ವರ್ಷ.

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡಲಿನ ಕಾಡ್ ಮೀನಿಗೆ ಆದದ್ದು ನೋಡಿ. ದಶಕಗಳ ಕಾಲ ಬಲೆಗಳು ದೊಡ್ಡ ಮೀನುಗಳನ್ನು ಬಾಚಿದವು. 1992ರಲ್ಲಿ ಮೀನೇ ಇಲ್ಲದಾಗಿ ಹಿಡಿಯುವುದನ್ನು ನಿಷೇಧಿಸಬೇಕಾಯಿತು. ಹಳೆಯ ದಾಖಲೆಗಳನ್ನು ಮತ್ತೆ ತೆಗೆದು ನೋಡಿದ ಸಂಶೋಧಕರು 2004ರಲ್ಲಿ ಒಂದು ವಿಷಯ ಬರೆದರು. ಕುಸಿತಕ್ಕೆ ಮೊದಲೇ ಆ ಮೀನುಗಳು ಎಳೆಯ ವಯಸ್ಸಿನಲ್ಲಿ, ಸಣ್ಣ ಗಾತ್ರದಲ್ಲಿ ಪ್ರಾಯಕ್ಕೆ ಬರತೊಡಗಿದ್ದವು. ಗಪ್ಪಿಗಳ ಕಥೆಯೇ ಇದು, ಉಲ್ಟಾ ದಿಕ್ಕಿನಲ್ಲಿ. ತಿನ್ನುವ ದೊಡ್ಡ ಮೀನಿನ ಜಾಗದಲ್ಲಿ ನಮ್ಮ ಬಲೆ ಇದೆ ಅಷ್ಟೆ. ಸಣ್ಣ ಗಾತ್ರದಲ್ಲೇ ಮೊಟ್ಟೆ ಇಟ್ಟರೆ ನಷ್ಟ ಏನು ಅನ್ನಬಹುದು. ನಷ್ಟ ದೊಡ್ಡದು. 30 ಕಿಲೋ ತೂಕದ ಒಂದು ಹೆಣ್ಣು ಕಾಡ್ ಇಡುವಷ್ಟು ಮೊಟ್ಟೆ ಇಡಲು ಎರಡು ಕಿಲೋದ ಸುಮಾರು 28 ಹೆಣ್ಣುಗಳು ಸೇರಬೇಕು. ತಡವಾಗಿ, ದೊಡ್ಡದಾಗಿ ಬೆಳೆದು ಹೆರುವ ಆ ಹಳೆಯ ದಾರಿಯ ಲಾಭ ಅಷ್ಟಿತ್ತು.

ಆ ನಿಷೇಧವನ್ನು ಕೆನಡಾ ಸರಕಾರ ತೆಗೆದದ್ದು 2024ರಲ್ಲಿ. ಅಷ್ಟಾದರೂ ಮೀನಿನ ಸಂಖ್ಯೆ ಹಳೆಯ ಮಟ್ಟದ ಹತ್ತಿರಕ್ಕೂ ಬಂದಿಲ್ಲ. ಇಷ್ಟಕ್ಕಿಂತ ಸಣ್ಣ ಮೀನು ಹಿಡಿಯಬಾರದು ಅನ್ನುವ ನಿಯಮ ಜಗತ್ತಿನ ಎಷ್ಟೋ ಕಡೆ ಇದೆ. ಇಷ್ಟಕ್ಕಿಂತ ದೊಡ್ಡದನ್ನೂ ನೀರಿಗೆ ಬಿಡಬೇಕು ಅನ್ನುವ ನಿಯಮ ಕೆಲವು ಜಾತಿಗಳಿಗೆ, ಕೆಲವು ಕಡೆ ಮಾತ್ರ ಇದೆ. ಈ ಎರಡನೇ ನಿಯಮ ಇನ್ನೂ ಹೆಚ್ಚು ಕಡೆ ಬರಲಿ ಎಂದು ನಾನು ಮನಸಾರೆ ಬಯಸುತ್ತೇನೆ. ಅದು ಉಳಿಸುವುದು ಹತ್ತಾರು ವರ್ಷ ಬೆಳೆಯುವುದಕ್ಕೆಂದೇ ಖರ್ಚು ಮಾಡಿ, ಈಗ ಹೆರುವ ಹೊತ್ತಿಗೆ ಬಂದಿರುವ ತಾಯಿ ಮೀನುಗಳನ್ನು.